50 ಚದರ ಅಡಿಯಿಂದ 600 ಚದರ ಕಿಲೋಮೀಟರ್

ಕ್ರೂಸ್ ಹಡಗಿನ ಸಾಮಾನ್ಯ ಬಾಲ್ಕನಿ ಎಂದರೆ ಸುಮಾರು 50 ಚದರ ಅಡಿ. ಎರಡು ಕುರ್ಚಿ, ನಡುವೆ ಪುಟ್ಟ ಮೇಜು, ಎದುರಿಗೆ ಗಾಜಿನ ತಡೆ, ಅದರ ಮೇಲೊಂದು ಕಂಬಿ. ಇಬ್ಬರು ಕಾಲು ಚಾಚಿ ಕೂತರೆ ಜಾಗ ತುಂಬಿತು. ಮೂರನೆಯವರು ಬಂದರೆ ನಿಂತೇ ಇರಬೇಕು.

ಆ ಬಾಲ್ಕನಿ ನೀರಿನಿಂದ 30 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಭೂಮಿ ದುಂಡಗಿರುವುದರಿಂದ ಅಷ್ಟು ಎತ್ತರಕ್ಕೆ ದಿಗಂತ ಸುಮಾರು 19.5 ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಕಂಬಿಗೆ ಒರಗಿ ಎಡದಿಂದ ಬಲಕ್ಕೆ ಕಣ್ಣು ಹಾಯಿಸಿದರೆ ಅರ್ಧ ವೃತ್ತದಷ್ಟು ಸಮುದ್ರ ಕಾಣುತ್ತದೆ. ಅದರ ವಿಸ್ತೀರ್ಣ ಲೆಕ್ಕ ಹಾಕಿದರೆ 600 ಚದರ ಕಿಲೋಮೀಟರ್. ಇಡೀ ಬೆಂಗಳೂರು ಮಹಾನಗರದ ವ್ಯಾಪ್ತಿಯ ಬಹುಪಾಲಿನಷ್ಟು! ಕೂತ ಜಾಗಕ್ಕಿಂತ ಕಾಣುವ ಜಾಗ ಹೆಚ್ಚುಕಡಿಮೆ 13 ಕೋಟಿ ಪಟ್ಟು ದೊಡ್ಡದು.

ಬಾಡಿಗೆಗೆ ಸಿಗುವ 50 ಚದರ ಅಡಿಗಳಲ್ಲಿ ಇಂಥ ನೋಟ ಕೊಡುವವು ತೀರ ಕಡಿಮೆ. ಹಾಗಾಗಿಯೇ ಹಡಗಿನ ಯಾನಕ್ಕೆ ಹಣ ಕಟ್ಟುವ ಹೊತ್ತಿನಲ್ಲಿ ಎಲ್ಲರೂ ಬಾಲ್ಕನಿ ಕ್ಯಾಬಿನ್ನಿನ ಮುಂದೆ ಬಂದು ನಿಲ್ಲುತ್ತಾರೆ. ಎಷ್ಟನೆಯ ಡೆಕ್? ಮುಂದೆಯೋ, ನಡುವೆಯೋ, ಹಿಂದೆಯೋ? ಎಡ ಬದಿಯೋ, ಬಲ ಬದಿಯೋ? ಈ ಪ್ರಶ್ನೆಗಳಿಗೆ ಬರುವ ಉತ್ತರಗಳಲ್ಲಿ ಹೆಚ್ಚಿನವು ಅಭಿರುಚಿಯ ಮಾತುಗಳು. ಆದರೆ ಇದರಲ್ಲಿ ಬಹುಪಾಲು ಶುದ್ಧ ಗಣಿತ. ಶಾಲೆಯ ಜ್ಯಾಮಿತಿ ನೆನಪಿದ್ದವರು ಯಾರು ಬೇಕಾದರೂ ಈ ಲೆಕ್ಕ ಹಾಕಬಹುದು. ಹಾಕಿ ನೋಡಿದರೆ ಉತ್ತರಗಳು ಬೆರಗು ಹುಟ್ಟಿಸುತ್ತವೆ, ಹಣವನ್ನೂ ಉಳಿಸುತ್ತವೆ.

ಮೊದಲು ಹಡಗಿನ ಗಾತ್ರ ಮನಸ್ಸಿಗೆ ಬರಬೇಕು. 2024ರ ಜನವರಿ 27ರಂದು ಅಮೆರಿಕದ ಮಯಾಮಿಯಿಂದ ‘ಐಕಾನ್ ಆಫ್ ದ ಸೀಸ್’ ತನ್ನ ಮೊದಲ ಯಾನ ಹೊರಟಿತು. ಫಿನ್‌ಲ್ಯಾಂಡಿನ ಟುರ್ಕು ನಗರದ ಹಡಗುಕಟ್ಟೆಯಲ್ಲಿ ಕಟ್ಟಿದ ಹಡಗು ಅದು. ಉದ್ದ ಸುಮಾರು 365 ಮೀಟರ್. ಒಟ್ಟು 20 ಡೆಕ್. ಪ್ರಯಾಣಿಕರಿಗೆ 2,805 ಕ್ಯಾಬಿನ್. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಿಡಿದರೆ 5,610 ಮಂದಿ, ಎಲ್ಲ ಹಾಸಿಗೆಯೂ ತುಂಬಿದರೆ 7,600 ಮಂದಿ. ಅವರನ್ನು ನೋಡಿಕೊಳ್ಳಲು 2,350 ಸಿಬ್ಬಂದಿ. ಅಂದರೆ ಸುಮಾರು 10,000 ಜನರ ಒಂದು ಊರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನೀರಿನ ಮೇಲೆ ಚಲಿಸುತ್ತದೆ.

ಅದರ ಅಳತೆ 2,48,663 ಗ್ರಾಸ್ ಟನ್. ಇದನ್ನು ತೂಕ ಎಂದುಕೊಳ್ಳುವವರೇ ಹೆಚ್ಚು. ಗ್ರಾಸ್ ಟನ್ ಹೇಳುವುದು ಹಡಗಿನೊಳಗಿನ ಮುಚ್ಚಿದ ಜಾಗ ಎಷ್ಟು ಎಂಬುದನ್ನು. 1969ರ ಅಂತರರಾಷ್ಟ್ರೀಯ ಒಪ್ಪಂದ ನಿಗದಿ ಮಾಡಿದ ಸೂತ್ರವನ್ನು ತಿರುಗಿಸಿ ಲೆಕ್ಕ ಹಾಕಿದರೆ ಐಕಾನ್‌ನ ಒಳಗಿನ ಅವಕಾಶ ಸುಮಾರು 7.8 ಲಕ್ಷ ಘನ ಮೀಟರ್. 1912ರಲ್ಲಿ ಮುಳುಗಿದ ಟೈಟಾನಿಕ್ ಆ ಕಾಲದ ಅಳತೆಯಲ್ಲಿ 46,328 ಟನ್. ಘನ ಮೀಟರಿಗೆ ತಂದರೆ ಸುಮಾರು 1.3 ಲಕ್ಷ. ಅಂದಿನ ಜಗತ್ತಿನ ಅತಿ ದೊಡ್ಡ ಹಡಗಿನಂಥ ಆರು ಹಡಗುಗಳನ್ನು ಒಳಗೊಳ್ಳುವಷ್ಟು ಜಾಗ ಇಂದಿನ ಒಂದೇ ಹಡಗಿನಲ್ಲಿದೆ.

ಟೈಟಾನಿಕ್‌ನಲ್ಲಿ ಬಾಲ್ಕನಿ ಇತ್ತೇ? ಇಂದಿನ ಅರ್ಥದಲ್ಲಿ ಇರಲಿಲ್ಲ. ಅದಕ್ಕೆ ತೀರ ಹತ್ತಿರದ್ದೆಂದರೆ ‘ಬಿ’ ಡೆಕ್‌ನ ಎರಡು ಅತಿ ದುಬಾರಿ ಸೂಟ್‌ಗಳಿಗೆ ಸೇರಿದ್ದ ಖಾಸಗಿ ಪಡಸಾಲೆ. ತಲಾ 15 ಮೀಟರ್ ಉದ್ದ, ಹೊರಗೋಡೆಗೆ ಕಿಟಕಿಗಳು. ಒಂದರಲ್ಲಿ ಹಡಗು ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೆ ಇದ್ದರು. ಸುಮಾರು 2,200 ಜನರಿದ್ದ ಹಡಗಿನಲ್ಲಿ ಸಮುದ್ರವನ್ನು ತಮ್ಮದೇ ಅಂಗಳದಿಂದ ನೋಡುವ ಸೌಭಾಗ್ಯ ಎರಡೇ ಬಿಡಾರಗಳಿಗೆ ಸಿಕ್ಕಿತ್ತು. ಉಳಿದವರು ಎಲ್ಲರಿಗೂ ಮೀಸಲಾದ ಡೆಕ್‌ಗೆ ಬಂದು, ಅದರಲ್ಲೂ ತಮ್ಮ ತಮ್ಮ ದರ್ಜೆಯ ಡೆಕ್‌ಗೇ ಬಂದು, ಸಮುದ್ರ ನೋಡಬೇಕಿತ್ತು.

ಆ ಎರಡು ಪಡಸಾಲೆಗಳು ಸಾವಿರ ಬಾಲ್ಕನಿಗಳಾಗಲು ನೂರು ವರ್ಷ ಹಿಡಿಯಿತು. ಅದರಲ್ಲಿ ಮೊದಲ 70 ವರ್ಷ ಹೆಚ್ಚೇನೂ ನಡೆಯಲಿಲ್ಲ. 1984ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ರಾಜಕುಮಾರಿ ಡಯಾನಾ ‘ರಾಯಲ್ ಪ್ರಿನ್ಸೆಸ್’ ಎಂಬ ಹಡಗಿಗೆ ಹೆಸರಿಟ್ಟರು. ಅದರ 600 ಕ್ಯಾಬಿನ್‌ಗಳೂ ಹೊರಬದಿಗಿದ್ದವು. ಕಿಟಕಿಯಿಲ್ಲದ ಒಂದು ಕ್ಯಾಬಿನ್ ಕೂಡ ಇರಲಿಲ್ಲ. ಕ್ರೂಸ್ ಹಡಗಿನಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಸುಮಾರು 150 ಕ್ಯಾಬಿನ್‌ಗಳಿಗೆ ಬಾಲ್ಕನಿಯೂ ಇತ್ತು. 1995ರಲ್ಲಿ ಬಂದ ‘ಸನ್ ಪ್ರಿನ್ಸೆಸ್’ನಲ್ಲಿ ಬಾಲ್ಕನಿಗಳ ಸಂಖ್ಯೆ 400 ದಾಟಿತು. 1998ರ ‘ಗ್ರ್ಯಾಂಡ್ ಪ್ರಿನ್ಸೆಸ್’ನಲ್ಲಿ 700 ದಾಟಿತು. 2013ರ ಜೂನ್‌ನಲ್ಲಿ ‘ರಾಯಲ್ ಪ್ರಿನ್ಸೆಸ್’ ಎಂಬ ಅದೇ ಹೆಸರಿನ ಹೊಸ ಹಡಗು ಬಂತು. ಈ ಸಲ ಹೆಸರಿಟ್ಟವರು ಡಯಾನಾ ಅವರ ಸೊಸೆ ಕೇಟ್. ಅದರ 1,780 ಕ್ಯಾಬಿನ್‌ಗಳಲ್ಲಿ ಶೇ. 80ಕ್ಕೂ ಹೆಚ್ಚಿನವಕ್ಕೆ ಬಾಲ್ಕನಿ. ಅತ್ತೆಯ ಹಡಗಿನಲ್ಲಿ 150 ಇದ್ದದ್ದು ಸೊಸೆಯ ಹಡಗಿನಲ್ಲಿ 1,400 ಮೀರಿತು. ಸಿರಿವಂತರ ಸೊತ್ತಾಗಿದ್ದ ಒಂದು ನೋಟ ಮಧ್ಯಮ ವರ್ಗದ ಕೈಗೆ ಬಂದ ಕಥೆ ಈ ಅಂಕಿಗಳಲ್ಲಿದೆ. 2023ರಲ್ಲಿ ಜಗತ್ತಿನಾದ್ಯಂತ 3 ಕೋಟಿಗೂ ಹೆಚ್ಚು ಜನ ಸಮುದ್ರ ಯಾನ ಮಾಡಿದರು.

ಹಾಗಾದರೆ ಎಲ್ಲ ಕ್ಯಾಬಿನ್‌ಗೂ ಬಾಲ್ಕನಿ ಕೊಟ್ಟುಬಿಡಬಾರದೇಕೆ? ಇಲ್ಲಿ ಜ್ಯಾಮಿತಿ ಅಡ್ಡ ಬರುತ್ತದೆ. ಹಡಗನ್ನು ಎಲ್ಲ ದಿಕ್ಕಿಗೂ ಎರಡು ಪಟ್ಟು ಹಿಗ್ಗಿಸಿದರೆ ಒಳಗಿನ ಅವಕಾಶ ಎಂಟು ಪಟ್ಟಾಗುತ್ತದೆ, ಹೊರಮೈ ಮಾತ್ರ ನಾಲ್ಕೇ ಪಟ್ಟು. ಹಡಗು ದೊಡ್ಡದಾದಷ್ಟೂ ಒಳಗೆ ಜನ ಹಿಡಿಯುವ ಜಾಗ ಬೇಗ ಬೇಗ ಬೆಳೆಯುತ್ತದೆ, ಸಮುದ್ರಕ್ಕೆ ಮುಖ ಮಾಡಿದ ಅಂಚು ನಿಧಾನವಾಗಿ ಬೆಳೆಯುತ್ತದೆ. ಐಕಾನ್‌ನಷ್ಟು ಉದ್ದದ ಹಡಗಿನಲ್ಲಿ ಕ್ಯಾಬಿನ್ ಸಾಲಿಗೆ ಒಂದು ಬದಿಯಲ್ಲಿ 300 ಮೀಟರ್ ಸಿಕ್ಕಿತೆನ್ನೋಣ. ಕ್ಯಾಬಿನ್ನಿನ ಅಗಲ 3 ಮೀಟರ್ ಹಿಡಿದರೆ ಬದಿಗೆ 100, ಎರಡು ಬದಿ ಸೇರಿ ಡೆಕ್‌ಗೆ 200 ಕ್ಯಾಬಿನ್. 2,805 ಕ್ಯಾಬಿನ್‌ಗಳನ್ನೂ ಸಮುದ್ರದ ಅಂಚಿಗೆ ತರಬೇಕೆಂದರೆ 14 ಡೆಕ್‌ಗಳ ಹೊರ ಅಂಚು ಪೂರ್ತಿ ಕ್ಯಾಬಿನ್‌ಗಳಿಗೇ ಹೋಗಬೇಕು. ಊಟದ ಕೋಣೆ, ರಂಗಮಂದಿರ, ಎಂಜಿನ್, ಅಡುಗೆಮನೆ, ಜೀವರಕ್ಷಕ ದೋಣಿ ಇವಕ್ಕೆಲ್ಲ ಜಾಗ ಬೇಕಾದ 20 ಡೆಕ್‌ನ ಹಡಗಿನಲ್ಲಿ ಇದು ಆಗದ ಮಾತು. ಹಡಗಿನಲ್ಲಿ ಈಜುಕೊಳ ಇನ್ನೊಂದು ಹೆಚ್ಚಿಸಬಹುದು, ಹೋಟೆಲು ಹತ್ತು ಹೆಚ್ಚಿಸಬಹುದು. ಅಂಚನ್ನು ಹೆಚ್ಚಿಸುವುದು ಕಷ್ಟ. ಬಾಲ್ಕನಿಗೆ ಅಷ್ಟು ಬೆಲೆ ಬಂದಿರುವುದು ಈ ಅಂಚು ಅಪರೂಪದ ವಸ್ತುವಾದ್ದರಿಂದ.

2009ರಲ್ಲಿ ‘ಓಯಸಿಸ್ ಆಫ್ ದ ಸೀಸ್’ ಕಟ್ಟಿದವರು ಈ ಅಂಚಿಗೇ ಕೈ ಹಾಕಿದರು. 2.25 ಲಕ್ಷ ಟನ್‌ನ ಆ ಹಡಗಿನ ಮೇಲ್ಭಾಗವನ್ನು ಉದ್ದಕ್ಕೆ ಎರಡಾಗಿ ಸೀಳಿ, ನಡುವೆ ಆಕಾಶಕ್ಕೆ ತೆರೆದ ಕಣಿವೆ ಬಿಟ್ಟರು. ಎರಡಿದ್ದ ಅಂಚು ನಾಲ್ಕಾಯಿತು. ಕಣಿವೆಯ ತಳದಲ್ಲಿ 12,000ಕ್ಕೂ ಹೆಚ್ಚು ಜೀವಂತ ಗಿಡಗಳ ಉದ್ಯಾನ ಮಾಡಿ ಅದನ್ನು ಸೆಂಟ್ರಲ್ ಪಾರ್ಕ್ ಎಂದು ಕರೆದರು. ಒಳಬದಿಯ ಕ್ಯಾಬಿನ್‌ಗಳಿಗೂ ಬಾಲ್ಕನಿ ಬಂತು, ಆದರೆ ಆ ಬಾಲ್ಕನಿಯಿಂದ ಕಾಣುವುದು ತೋಟ ಮತ್ತು ಎದುರು ಸಾಲಿನ ಬಾಲ್ಕನಿಗಳು. ನಡುಗಡಲಿನಲ್ಲಿ ಹಸಿರು ನೋಡುತ್ತ ಕೂರುವುದು ಕೆಲವರಿಗೆ ಇಷ್ಟವೇ ಆಗಬಹುದು. ಅದಕ್ಕೆ ಸಾಮಾನ್ಯವಾಗಿ ದರವೂ ಕಡಿಮೆ. ಆದರೆ ಟಿಕೆಟ್‌ನಲ್ಲಿ ಬಾಲ್ಕನಿ ಎಂದಷ್ಟೇ ಇದ್ದರೆ ಸಮುದ್ರ ಕಾಣುತ್ತದೆಯೇ ಎಂದು ಕೇಳಿಯೇ ಹಣ ಕಟ್ಟಬೇಕು. ಈ ಒಂದು ಪ್ರಶ್ನೆಯ ಬೆಲೆ 600 ಚದರ ಕಿಲೋಮೀಟರ್.

ಅಂಚಿನ ಬರಕ್ಕೆ ಬೇರೆ ಪರಿಹಾರಗಳೂ ಬಂದಿವೆ. 2018ರ ‘ಸೆಲೆಬ್ರಿಟಿ ಎಡ್ಜ್’ ಹಡಗಿನಲ್ಲಿ ಬಾಲ್ಕನಿಯನ್ನು ಕೋಣೆಯೊಳಕ್ಕೇ ಸೇರಿಸಿಕೊಂಡು, ಹೊರಗೋಡೆಗೆ ನೆಲದಿಂದ ಚಾವಣಿಯವರೆಗೆ ಗಾಜು ಹಾಕಿದರು. ಗುಂಡಿ ಒತ್ತಿದರೆ ಮೇಲರ್ಧ ಗಾಜು ಕೆಳಗಿಳಿಯುತ್ತದೆ, ಕೋಣೆಯ ತುದಿಯೇ ಬಾಲ್ಕನಿಯಾಗುತ್ತದೆ. ಕೋಣೆ ದೊಡ್ಡದಾಗುತ್ತದೆ ನಿಜ, ಆದರೆ ಮೈ ಪೂರ್ತಿ ಗಾಳಿಗೊಡ್ಡಿ ಹೊರಗೆ ನಿಲ್ಲುವ ಸುಖ ಅದರಲ್ಲಿಲ್ಲ. ಇನ್ನೊಂದು ಪರಿಹಾರ ಇನ್ನೂ ದೂರ ಹೋಗಿದೆ. 2014ರಿಂದ ಕೆಲವು ಹಡಗುಗಳ ಒಳ ಕ್ಯಾಬಿನ್‌ಗಳ ಗೋಡೆಗೆ 80 ಇಂಚಿನ ಪರದೆ ಅಳವಡಿಸಿ, ಹೊರಗಿನ ಕ್ಯಾಮೆರಾ ಕಂಡದ್ದನ್ನು ಆ ಕ್ಷಣಕ್ಕೇ ತೋರಿಸುತ್ತಿದ್ದಾರೆ. ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಗಾದದ್ದು ತಿಳಿಯಲು ಅದು ನಿಜಕ್ಕೂ ಉಪಕಾರಿ. ಉಪ್ಪಿನ ವಾಸನೆ ಮಾತ್ರ ಅದರಿಂದ ಬರುವುದಿಲ್ಲ.

ಈಗ ಬಾಲ್ಕನಿಯನ್ನು ಹತ್ತಿರದಿಂದ ನೋಡೋಣ. ಕ್ಯಾಬಿನ್‌ಗಳು ಹಡಗಿನೊಳಗೆ ಒಂದೊಂದೇ ಇಟ್ಟಿಗೆಯಂತೆ ಕಟ್ಟಿದವಲ್ಲ. ಟುರ್ಕು ಹಡಗುಕಟ್ಟೆಗೆ ಬೇಕಾದವು ಹತ್ತಿರದ ಪೀಕಿಯೊ ಎಂಬಲ್ಲಿನ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಗೋಡೆ, ಚಾವಣಿ, ವೈರಿಂಗು, ನಲ್ಲಿ, ಕನ್ನಡಿ ಸಮೇತ ಬಚ್ಚಲುಮನೆ, ಎಲ್ಲವೂ ಅಲ್ಲೇ ಮುಗಿದು ಇಡೀ ಕೋಣೆ ಲಾರಿಯಲ್ಲಿ ಬರುತ್ತದೆ. ಹಡಗಿನ ತೆರೆದ ಬದಿಯಿಂದ ಅದನ್ನು ಒಳಕ್ಕೆ ಜಾರಿಸಿ ಅದರ ಜಾಗದಲ್ಲಿ ಕೂರಿಸುತ್ತಾರೆ. ಒಂದು ಹಡಗಿಗೆ ಹೀಗೆ ಸಾವಿರಾರು ಸಲ. ಬಾಲ್ಕನಿಯ ಕಂಬಿಯ ಎತ್ತರಕ್ಕೂ ಕಾನೂನಿದೆ. ಅಮೆರಿಕದ ಬಂದರುಗಳನ್ನು ಬಳಸುವ ದೊಡ್ಡ ಪ್ರಯಾಣಿಕ ಹಡಗುಗಳ ಕಂಬಿ ಕನಿಷ್ಠ 42 ಇಂಚು, ಅಂದರೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಇರಬೇಕೆಂದು 2010ರ ಕಾಯಿದೆ ಹೇಳುತ್ತದೆ.

ಕುರ್ಚಿಯಲ್ಲಿ ಒರಗಿ ತಲೆಯೆತ್ತಿದರೆ ಎಷ್ಟೋ ಹಡಗುಗಳಲ್ಲಿ ಚಾವಣಿಯಲ್ಲಿ ನೀರು ಚಿಮ್ಮುವ ಒಂದು ಪುಟ್ಟ ಲೋಹದ ಮೂತಿ ಕಾಣುತ್ತದೆ. ಆ ಮೂತಿಯ ಹಿಂದೆ ಒಂದು ರಾತ್ರಿಯ ಕಥೆಯಿದೆ. 2006ರ ಮಾರ್ಚ್ 23ರ ನಸುಕಿನಲ್ಲಿ ‘ಸ್ಟಾರ್ ಪ್ರಿನ್ಸೆಸ್’ ಹಡಗು ಕೆರಿಬಿಯನ್ ಸಮುದ್ರದಲ್ಲಿ ಜಮೈಕಾದತ್ತ ಸಾಗುತ್ತಿತ್ತು. 2,690 ಪ್ರಯಾಣಿಕರು, 1,123 ಸಿಬ್ಬಂದಿ. ಒಂದು ಬಾಲ್ಕನಿಯಲ್ಲಿ ಬೆಂಕಿ ಹೊತ್ತಿತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕು ಎಂದಿತು ಬ್ರಿಟನ್ನಿನ ತನಿಖಾ ಸಂಸ್ಥೆ. ಬಾಲ್ಕನಿಗಳ ನಡುವಿನ ತಡೆಗಳು ಪಾಲಿಕಾರ್ಬೊನೇಟಿನವು, ಕುರ್ಚಿಗಳು ಪ್ಲಾಸ್ಟಿಕ್ಕಿನವು, ಜೊತೆಗೆ ಸಮುದ್ರದ ಗಾಳಿ. ಆರೇ ನಿಮಿಷದಲ್ಲಿ ಜ್ವಾಲೆ ಮೇಲಿನ ಡೆಕ್‌ಗಳಿಗೆ ಏರಿತು. ಆರುವಷ್ಟರಲ್ಲಿ ಸುಮಾರು ಒಂದೂವರೆ ಗಂಟೆ ಕಳೆದಿತ್ತು. 79 ಕ್ಯಾಬಿನ್ ಪೂರ್ತಿ ಹಾಳಾದವು, ಇನ್ನೂ 218ಕ್ಕೆ ಹಾನಿಯಾಯಿತು. ಹೊಗೆಯಿಂದ ಒಬ್ಬ ಪ್ರಯಾಣಿಕರು ತೀರಿಕೊಂಡರು. ಕ್ಯಾಬಿನ್‌ಗಳ ಒಳಗಿದ್ದ ಸ್ಪ್ರಿಂಕ್ಲರ್‌ಗಳು ಬೆಂಕಿಯನ್ನು ಹಡಗಿನ ಹೊಟ್ಟೆಗೆ ಇಳಿಯದಂತೆ ತಡೆದವು. ಬಾಲ್ಕನಿಗಳಲ್ಲಿ ಆಗ ಸ್ಪ್ರಿಂಕ್ಲರ್ ಇರಲಿಲ್ಲ. ಅವನ್ನು ಹೊರಗಿನ ಜಾಗ ಎಂದೇ ಎಣಿಸಲಾಗಿತ್ತು.

ಆ ಒಂದು ಸಾವು ಜಗತ್ತಿನ ನಿಯಮವನ್ನು ಬದಲಿಸಿತು. 2008ರ ಜುಲೈ 1ರಿಂದ ಅಂತರರಾಷ್ಟ್ರೀಯ ಸಾಗರ ಸುರಕ್ಷತಾ ಒಪ್ಪಂದದಲ್ಲಿ ಕ್ಯಾಬಿನ್ ಬಾಲ್ಕನಿಗಳಿಗೇ ಪ್ರತ್ಯೇಕ ಷರತ್ತುಗಳು ಬಂದವು. ನಡುವಿನ ತಡೆ ಉರಿಯದ ವಸ್ತುವಿನದ್ದಾಗಿರಬೇಕು. ಪೀಠೋಪಕರಣ ಬೇಗ ಹೊತ್ತಿಕೊಳ್ಳದಂಥದ್ದಾಗಿರಬೇಕು. ಇಲ್ಲವಾದರೆ ಬಾಲ್ಕನಿಯಲ್ಲೇ ಬೆಂಕಿ ಪತ್ತೆ ಹಚ್ಚುವ, ನೀರು ಚಿಮ್ಮಿಸುವ ವ್ಯವಸ್ಥೆ ಬೇಕು. ಈಗಾಗಲೇ ಓಡುತ್ತಿದ್ದ ಹಡಗುಗಳೂ ಇದಕ್ಕೆ ಹೊಂದಿಕೊಳ್ಳಬೇಕಾಯಿತು. ಇಂದು ಬಹಳಷ್ಟು ಕಂಪನಿಗಳು ಬಾಲ್ಕನಿಯಲ್ಲಿ ಧೂಮಪಾನ ನಿಷೇಧಿಸಿವೆ. ಆ ನಿಷೇಧವನ್ನು ಕಿರಿಕಿರಿ ಎಂದು ಯಾರೂ ಭಾವಿಸಬಾರದು. ಸಾವಿರ ಬಾಲ್ಕನಿಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು ಇರುವ ಗೋಡೆಯಲ್ಲಿ ಒಂದು ಕಿಡಿ ಎಲ್ಲರಿಗೂ ಸೇರಿದ ಅಪಾಯ.

ಈಗ ಆಯ್ಕೆಗೆ ಬರೋಣ. ಮೊದಲನೆಯದು ಎತ್ತರ. ಮೇಲಿನ ಡೆಕ್‌ಗೆ ಹೋದಷ್ಟೂ ದರ ಏರುವುದು ವಾಡಿಕೆ. ಏರಿದ ಹಣಕ್ಕೆ ಸಿಗುವುದೇನು? ದಿಗಂತದ ದೂರ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಮೀಟರಿನಲ್ಲಿ ಎತ್ತರದ ವರ್ಗಮೂಲ ತೆಗೆದು 3.57ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. 20 ಮೀಟರ್ ಎತ್ತರದ ಬಾಲ್ಕನಿಗೆ ದಿಗಂತ 16 ಕಿಲೋಮೀಟರ್. ಏಳೆಂಟು ಡೆಕ್ ಮೇಲೇರಿ 40 ಮೀಟರ್ ತಲುಪಿದರೆ 22.6 ಕಿಲೋಮೀಟರ್. ಎತ್ತರ ಎರಡು ಪಟ್ಟಾದರೂ ದೂರ ಒಂದೂವರೆ ಪಟ್ಟೂ ಆಗಲಿಲ್ಲ.

ವಿಸ್ತೀರ್ಣದ ಲೆಕ್ಕದಲ್ಲಿ ಮೇಲಿನವರಿಗೇ ಗೆಲುವು ಎಂದು ವಾದಿಸಬಹುದು. ಕೆಳಗಿನವರಿಗೆ 400 ಚದರ ಕಿಲೋಮೀಟರ್ ಸಮುದ್ರ, ಮೇಲಿನವರಿಗೆ ಸರಿಯಾಗಿ ಅದರ ಎರಡರಷ್ಟು, 800. ಆದರೆ ಆ ಹೆಚ್ಚಿನ 400 ಚದರ ಕಿಲೋಮೀಟರ್ ಕಣ್ಣಿಗೆ ಹೇಗೆ ಕಾಣುತ್ತದೆ? ಅದು ಪೂರ್ತಿಯಾಗಿ ದಿಗಂತದ ಗೆರೆಗೆ ಅಂಟಿಕೊಂಡಿರುತ್ತದೆ. 16ರಿಂದ 22.6 ಕಿಲೋಮೀಟರ್‌ವರೆಗಿನ ಆ ನೀರು 40 ಮೀಟರ್ ಎತ್ತರದಿಂದ ನೋಡುವವರ ಕಣ್ಣಲ್ಲಿ ಆಕ್ರಮಿಸುವ ಕೋನ ಡಿಗ್ರಿಯ ನೂರರಲ್ಲೊಂದು ಭಾಗಕ್ಕಿಂತ ಚೂರು ಹೆಚ್ಚು, 0.012 ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಚಂದ್ರನ ಅಗಲದ 40ರಲ್ಲಿ ಒಂದು ಪಾಲು. ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಡಿಗ್ರಿಯ 60ನೇ ಒಂದು ಭಾಗ, ಅಂದರೆ 0.017 ಡಿಗ್ರಿ. ನೀವು ಹೆಚ್ಚು ಹಣ ಕೊಟ್ಟು ಕೊಂಡ 400 ಚದರ ಕಿಲೋಮೀಟರ್ ಸಮುದ್ರ ಮನುಷ್ಯನ ಕಣ್ಣು ಗುರುತಿಸಲಾರದಷ್ಟು ತೆಳುವಾದ ಒಂದು ಎಳೆ! ಈ ಇಡೀ ವಿಷಯದಲ್ಲಿ ಇದಕ್ಕಿಂತ ಅಚ್ಚರಿಯ ಅಂಕಿ ಇನ್ನೊಂದಿಲ್ಲ.

ಅದೇ ಎತ್ತರ ಕಸಿದುಕೊಳ್ಳುವುದು ಮಾತ್ರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಕೆಳಗಿನ ಬಾಲ್ಕನಿಯಿಂದ ಹಡಗಿನ ಪಕ್ಕದ ತೆರೆಯ ನೊರೆ, ಅದರಿಂದ ಚಿಮ್ಮಿ ಹಾರುವ ಮೀನು, ಜೊತೆಗೆ ಈಜಿ ಬರುವ ಡಾಲ್ಫಿನ್‌ಗಳು ಅರ್ಧ ದೂರದಲ್ಲಿರುತ್ತವೆ, ಎರಡು ಪಟ್ಟು ದೊಡ್ಡದಾಗಿ ಕಾಣುತ್ತವೆ. ಅಲೆಯ ಸದ್ದೂ ಕೇಳುತ್ತದೆ. ಬಂದರಿನಲ್ಲಿ ಊರಿನ ಚಾವಣಿಗಳ ಮೇಲಿಂದ ನೋಡಬೇಕೆನ್ನುವವರಿಗೆ ಎತ್ತರ ಉಪಯೋಗಕ್ಕೆ ಬರುತ್ತದೆ. ನಡುಗಡಲಿನಲ್ಲಿ ಅದರಿಂದ ಲಾಭ ಕಡಿಮೆ.

ಎರಡನೆಯದು ತೂಗಾಟ. ಹಡಗು ಪಕ್ಕಕ್ಕೆ ಒಂದೇ ಡಿಗ್ರಿ ವಾಲಿದರೂ 20 ಮೀಟರ್ ಮೇಲಿರುವ ಕ್ಯಾಬಿನ್ ಸುಮಾರು 35 ಸೆಂಟಿಮೀಟರ್ ಸರಿಯುತ್ತದೆ, 40 ಮೀಟರ್ ಮೇಲಿನದ್ದು 70 ಸೆಂಟಿಮೀಟರ್. ಈ ಪಕ್ಕದ ವಾಲಾಟವನ್ನು ತಗ್ಗಿಸಲು ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿವೆ. ಮುಂದೆ ಹಿಂದೆ ಏರಿಳಿಯುವ ಓಲಾಟಕ್ಕೆ ಅವು ಹೆಚ್ಚು ನೆರವಾಗುವುದಿಲ್ಲ. ಹಡಗಿನ ನಡುವಿನಿಂದ 150 ಮೀಟರ್ ಮುಂದಿರುವ ಕ್ಯಾಬಿನ್, ಒಂದು ಡಿಗ್ರಿ ಓಲಾಟಕ್ಕೆ 2.6 ಮೀಟರ್ ಮೇಲೇರುತ್ತದೆ, ಮತ್ತೆ ಅಷ್ಟೇ ಕೆಳಗಿಳಿಯುತ್ತದೆ. ಒಟ್ಟು ಐದು ಮೀಟರ್ ಮೀರಿದ ಏರಿಳಿತ, ಒಂದೂವರೆ ಅಂತಸ್ತಿನಷ್ಟು! ನಡುವಿನಿಂದ 20 ಮೀಟರ್ ಒಳಗಿರುವ ಕ್ಯಾಬಿನ್‌ಗೆ ಅದೇ ಓಲಾಟ ಅತ್ತ 35, ಇತ್ತ 35 ಸೆಂಟಿಮೀಟರ್. ಒಂದೇ ಹಡಗು, ಒಂದೇ ಅಲೆ, ಏಳು ಪಟ್ಟು ವ್ಯತ್ಯಾಸ. ಪ್ರಯಾಣದಲ್ಲಿ ಹೊಟ್ಟೆ ತೊಳಸುವವರಿಗೆ ನಡುಭಾಗದ ಕೆಳ ಡೆಕ್‌ಗಿಂತ ಒಳ್ಳೆಯ ಔಷಧಿ ಇಲ್ಲ.

ಮೂರನೆಯದು ಗಾಳಿ. ಹಡಗು 22 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 41 ಕಿಲೋಮೀಟರ್ ಓಡುತ್ತಿದ್ದರೆ, ಹೊರಗೆ ಎಲೆ ಅಲುಗದಷ್ಟು ನಿಶ್ಚಲ ಹವೆಯಿದ್ದರೂ ತೆರೆದ ಡೆಕ್‌ನಲ್ಲಿ ನಿಂತವರಿಗೆ ಅಷ್ಟೇ ವೇಗದ ಗಾಳಿ ಬಡಿಯುತ್ತದೆ. ನಾವಿಕರ ಬ್ಯೂಫೋರ್ಟ್ ಮಾಪನದಲ್ಲಿ ಅದು ಆರನೆಯ ಮೆಟ್ಟಿಲು, ಕೊಡೆ ಹಿಡಿಯಲು ಕಷ್ಟವಾಗುವಷ್ಟು. ಬದಿಯ ಬಾಲ್ಕನಿಗಳಿಗೆ ನಡುವಿನ ತಡೆಗಳು ಆಸರೆಯಾಗುತ್ತವೆ. ಮುಂಭಾಗಕ್ಕೆ ಮುಖ ಮಾಡಿದವಕ್ಕೆ ಆ ಆಸರೆಯಿಲ್ಲ. ಅಲ್ಲಿ ರಾತ್ರಿ ಪರದೆ ಎಳೆದು ಬೆಳಕು ಮುಚ್ಚಲು ಹೇಳುವುದೂ ಉಂಟು, ಹಡಗು ನಡೆಸುವವರ ಕಣ್ಣಿಗೆ ಕತ್ತಲು ಬೇಕು. ಹಿಂಭಾಗದ ಬಾಲ್ಕನಿಗಳಿಗೆ ಗಾಳಿ ಕಡಿಮೆ. ಹಡಗು ಬಿಟ್ಟು ಹೋಗುವ ಬಿಳಿ ನೊರೆಯ ದಾರಿ ದಿಗಂತದವರೆಗೆ ಕಾಣುತ್ತದೆ. ಆದರೆ ಏರಿಳಿತ ಹೆಚ್ಚು, ಕೆಲವು ಹಡಗುಗಳಲ್ಲಿ ಎಂಜಿನ್ನಿನ ನಡುಕವೂ ತಟ್ಟುತ್ತದೆ.

ನಾಲ್ಕನೆಯದು ತಲೆಯ ಮೇಲೆ, ಕಾಲ ಕೆಳಗೆ, ಕಣ್ಣ ಮುಂದೆ ಏನಿದೆ ಎಂಬುದು. ಮೇಲೆ ಈಜುಕೊಳವಿದ್ದರೆ ಬೆಳಗಾಗುವ ಮೊದಲೇ ಕುರ್ಚಿ ಎಳೆಯುವ ಸದ್ದು. ಕೆಳಗೆ ರಂಗಮಂದಿರವಿದ್ದರೆ ನಡುರಾತ್ರಿಯವರೆಗೆ ಸಂಗೀತ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಡೆಕ್ ಎಲ್ಲಕ್ಕಿಂತ ಶಾಂತ. ಕಣ್ಣ ಮುಂದೆ ಜೀವರಕ್ಷಕ ದೋಣಿ ತೂಗುತ್ತಿದ್ದರೆ ನೋಟವೇ ಇಲ್ಲ. ಟೈಟಾನಿಕ್‌ನ ಸಾಮಾನ್ಯ ದೋಣಿಯಲ್ಲಿ 65 ಮಂದಿಗೆ ಜಾಗ, 20 ದೋಣಿಗಳೂ ಸೇರಿ 1,178 ಮಂದಿಗೆ. ಓಯಸಿಸ್‌ನ ಒಂದೊಂದು ದೋಣಿಯಲ್ಲೂ 370 ಮಂದಿ ಹಿಡಿಸುತ್ತಾರೆ. ಅಷ್ಟು ದೊಡ್ಡ ದೋಣಿ ಬಾಲ್ಕನಿಯ ಹತ್ತಿರ ತೂಗಿದರೆ ಕೆಳಗಿನ ಸಮುದ್ರ ಮರೆಯಾಗುತ್ತದೆ. ಇಂಥ ಕ್ಯಾಬಿನ್‌ಗಳನ್ನು ಕಂಪನಿಗಳು ನೋಟಕ್ಕೆ ಅಡ್ಡಿಯಿರುವವು ಎಂದು ಗುರುತಿಸಿ ಕಡಿಮೆ ದರಕ್ಕೆ ಕೊಡುತ್ತವೆ. ಡೆಕ್‌ನ ನಕ್ಷೆಯನ್ನು ಮೇಲಿನ ಡೆಕ್, ಕೆಳಗಿನ ಡೆಕ್ ನಕ್ಷೆಗಳೊಂದಿಗೆ ಜೋಡಿಸಿ ನೋಡಿದರೆ ಇದೆಲ್ಲ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕುವಾಗ ಮರೆಯಬಾರದ ಇನ್ನೊಂದು ಸಂಖ್ಯೆಯಿದೆ: ಐಕಾನ್‌ನ ಆ 2,350 ಸಿಬ್ಬಂದಿ. ಇಂಥ ಹಡಗುಗಳಲ್ಲಿ ಅವರಲ್ಲಿ ಬಹುಪಾಲು ಜನ ಮಲಗುವುದು ಕೆಳಗಿನ ಡೆಕ್‌ಗಳಲ್ಲಿ, ಇಬ್ಬರು ಹಂಚಿಕೊಂಡ ಕಿಟಕಿಯಿಲ್ಲದ ಕ್ಯಾಬಿನ್‌ಗಳಲ್ಲಿ. ಜಗತ್ತಿನ ಕ್ರೂಸ್ ಹಡಗುಗಳಲ್ಲಿ ಗೋವಾ, ಮಂಗಳೂರು, ಕೇರಳದ ಕರಾವಳಿಯಿಂದ ಹೋದ ಹುಡುಗರೂ ಹೀಗೆ ತಿಂಗಳುಗಟ್ಟಲೆ ದುಡಿಯುತ್ತಾರೆ. ಬಾಲ್ಕನಿಯ ಗಾಜಿನ ಮೇಲೆ ಕೂತ ಉಪ್ಪನ್ನು ಒರೆಸಿ ನಮಗೆ ಸಮುದ್ರ ತೋರಿಸುವವರು ಅವರು. ಅವರ ಹೆಸರು ತಿಳಿದುಕೊಂಡು ಮಾತಾಡಿಸುವುದು, ಯಾನ ಮುಗಿದಾಗ ಅವರ ಕೈಗೆ ಏನಾದರೂ ಕೊಡುವುದು ನಮ್ಮ ಕರ್ತವ್ಯ.

ಕೊನೆಯದಾಗಿ, ಎಡವೋ ಬಲವೋ? ತೀರದ ಗುಂಟ ಸಾಗುವ ಯಾನಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಆಯ್ಕೆ, ವಿಚಿತ್ರವೆಂದರೆ ಬಹಳಷ್ಟು ಸಲ ಇದಕ್ಕೆ ಹೆಚ್ಚು ಹಣವೇ ಇಲ್ಲ. ನಮ್ಮ ಪಡುಗಡಲನ್ನೇ ತೆಗೆದುಕೊಳ್ಳಿ. ಮುಂಬಯಿಯಿಂದ ‘ಎಂಪ್ರೆಸ್’ ಎಂಬ ಕ್ರೂಸ್ ಹಡಗು 2021ರಲ್ಲಿ ಯಾನ ಶುರು ಮಾಡಿತು. ಅದು 1990ರಲ್ಲಿ ಕಟ್ಟಿದ್ದು, ಸುಮಾರು 48,500 ಟನ್. ಬಾಲ್ಕನಿಯ ಯುಗಕ್ಕೆ ಮುಂಚಿನದಾದ್ದರಿಂದ ಅದರಲ್ಲಿ ಬಾಲ್ಕನಿ ಕ್ಯಾಬಿನ್‌ಗಳು ಕಡಿಮೆ. ಬಾಲ್ಕನಿಗಳಿಂದ ತುಂಬಿದ ವಿದೇಶಿ ಹಡಗುಗಳು ಮುಂಬಯಿ, ಗೋವಾ, ನವಮಂಗಳೂರು, ಕೊಚ್ಚಿ ಬಂದರುಗಳನ್ನು ಮಳೆಗಾಲ ಕಳೆದ ಮೇಲೆ ಮುಟ್ಟಿ ಹೋಗುತ್ತವೆ. ದಕ್ಷಿಣಕ್ಕೆ ಹೊರಟ ಹಡಗಿನಲ್ಲಿ ಎಡ ಬದಿ ಪೂರ್ವಕ್ಕೆ, ನೆಲದ ಕಡೆಗೆ. ಸೂರ್ಯ ಹುಟ್ಟುವುದು ಆ ಬದಿಗೆ, ಮುಳುಗುವುದು ಬಲ ಬದಿಗೆ. ಉತ್ತರಕ್ಕೆ ಮರಳುವಾಗ ಎಲ್ಲವೂ ತಿರುವುಮುರುವು.

ತೀರದ ತಿರುವುಗಳನ್ನೂ ಸೇರಿಸಿದರೆ ಕರ್ನಾಟಕದ ಕರಾವಳಿ 300 ಕಿಲೋಮೀಟರಿಗಿಂತ ಹೆಚ್ಚು ಉದ್ದ. 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 37 ಕಿಲೋಮೀಟರಿನಂತೆ ಸಾಗುವ ಹಡಗಿಗೆ ಕಾರವಾರದಿಂದ ಉಳ್ಳಾಲದವರೆಗಿನ ನೇರ ದಾರಿಗೆ ಆರೇಳು ಗಂಟೆ. ಹಡಗು ತೀರದಿಂದ 30 ಕಿಲೋಮೀಟರ್ ಆಚೆಯಿದ್ದರೆ ಮರಳ ದಂಡೆ ದಿಗಂತದ ಕೆಳಗೆ ಅಡಗುತ್ತದೆ. ಆದರೆ ಅದರ ಹಿಂದೆ ಘಟ್ಟಗಳಿವೆ. ಕುದುರೆಮುಖ ಶಿಖರದ ಎತ್ತರ 1,894 ಮೀಟರ್. ಅದೇ ವರ್ಗಮೂಲದ ಲೆಕ್ಕ ಹಾಕಿದರೆ, 30 ಮೀಟರ್ ಎತ್ತರದ ಬಾಲ್ಕನಿಗೆ ಆ ಶಿಖರ ಸುಮಾರು 175 ಕಿಲೋಮೀಟರ್ ದೂರದಿಂದಲೂ ದಿಗಂತದ ಮೇಲೇ ಇರುತ್ತದೆ. ತೀರದಿಂದ ಶಿಖರಕ್ಕಿರುವುದು ಸುಮಾರು 55 ಕಿಲೋಮೀಟರ್, ಹಡಗಿಗೆ 85. ಭೂಮಿಯ ಬಾಗು ಇಲ್ಲಿ ಅಡ್ಡಿಯೇ ಅಲ್ಲ. ಗಾಳಿ ತಿಳಿಯಾಗಿದ್ದು ಮಂಜು ದೂಳು ಇಲ್ಲದಿದ್ದರೆ ಸಾಕು. ಎಡ ಬದಿಯ ಬಾಲ್ಕನಿಯವರಿಗೆ ಪಶ್ಚಿಮ ಘಟ್ಟದ ಸಾಲು ಬೆಳಗಿನ ಬೆಳಕಿನಲ್ಲಿ ಕಾಣುವ ಸಾಧ್ಯತೆಯಿದೆ. ಅದೇ ಹಡಗಿನಲ್ಲಿ, ಅದೇ ಡೆಕ್‌ನಲ್ಲಿ, ಅದೇ ದರ ಕೊಟ್ಟು 40 ಮೀಟರ್ ಆಚೆ ಬಲ ಬದಿಯಲ್ಲಿ ಕೂತವರಿಗೆ ಆ ಸಾಧ್ಯತೆ ಸೊನ್ನೆ.

ಹಾಗಾಗಿ ಹಡಗಿನವರು ಹೇಳುವ ಟನ್ನು, ಡೆಕ್ಕು, ಈಜುಕೊಳಗಳ ಲೆಕ್ಕ ಕೇಳಿ ಬೆರಗಾಗಿ, ಅದು ಬೆರಗಿಗೆ ತಕ್ಕದ್ದೇ. ಹಣ ಕಟ್ಟುವಾಗ ಮಾತ್ರ ನಿಮ್ಮ ಲೆಕ್ಕ ಬೇರೆ ಇರಲಿ. ಮೊದಲು ಹಡಗು ಯಾವ ದಿಕ್ಕಿಗೆ ಹೋಗುತ್ತದೆ, ನೆಲ ಯಾವ ಬದಿಗೆ ಬರುತ್ತದೆ ಎಂದು ಭೂಪಟದಲ್ಲಿ ನೋಡಿ ಬದಿ ಆರಿಸಿ. ಆಮೇಲೆ ಹಡಗಿನ ನಡುಭಾಗ ಹಿಡಿಯಿರಿ. ದೋಣಿಗಳ ಮೇಲಿನ ಮೊದಲ ಒಂದೆರಡು ಡೆಕ್‌ಗಳಲ್ಲಿ, ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಜಾಗ ಹುಡುಕಿ. ಅಲ್ಲಿಂದ ಮೇಲಕ್ಕೆ ಏರಲು ಕೇಳುವ ಪ್ರತಿ ರೂಪಾಯಿಯೂ ಕಣ್ಣಿಗೆ ಕಾಣದ ಒಂದು ಎಳೆಗೆ ಕೊಡುವ ಬೆಲೆ. ಆ ಹಣ ಉಳಿಸಿದರೆ ಯಾನಕ್ಕೆ ಇನ್ನೊಂದು ದಿನ ಸೇರಿಸಬಹುದು. 12 ಗಂಟೆಯ ಹಗಲಿನಲ್ಲಿ ಹಡಗು 440 ಕಿಲೋಮೀಟರ್ ಸಾಗುತ್ತದೆ. ನಿಮ್ಮ 50 ಚದರ ಅಡಿಯ ಮುಂದೆ 8,600 ಚದರ ಕಿಲೋಮೀಟರ್ ಹೊಸ ಸಮುದ್ರ ಹಾದುಹೋಗುತ್ತದೆ. ಎತ್ತರ ಕೊಳ್ಳಬೇಡಿ, ಆ ದಿನವನ್ನು ಕೊಳ್ಳಿ.